ಎವಾರಿಸ್ತೊನ ಎದುರಿನ ಕುರ್ಚಿ

ನಾನು ಬಡಗಿ. ಕೊಲ್ಲಿಯ ದಡದ ಈ ಸಾಂಚೆಸ್ ಊರಿನಲ್ಲಿ ಡೊಮಿನೊ ಮೇಜು ಬೇಕಾದರೂ ಶವಪೆಟ್ಟಿಗೆ ಬೇಕಾದರೂ ನನ್ನ ಹತ್ತಿರವೇ ಬರಬೇಕು. ರೈಲು ನಿಂತುಹೋದ ಮೇಲೆ ಇಲ್ಲಿ ಉಳಿದಿರುವ ಮರಗೆಲಸ ಹೆಚ್ಚುಕಡಿಮೆ ಈ ಎರಡೇ. ಹಾಗಾಗಿ ಬೆಳಿಗ್ಗೆ ಯಾರಾದರೂ ಹೆಂಗಸು ನನ್ನ ಷೆಡ್ಡಿನ ಬಾಗಿಲಲ್ಲಿ ನಿಂತರೆ, ಸತ್ತವರು ಯಾರಿರಬಹುದು ಎಂದು ಮೊದಲು ಮುಖ ನೋಡುತ್ತೇನೆ.

ಆ ಮಂಗಳವಾರ ನಿಂತಿದ್ದವಳು ಎರ್ಸಿಲಿಯ. ತಲೆಯ ಮೇಲೆ ತೆಂಗಿನಕಾಯಿ ಬ್ರೆಡ್ಡಿನ ಬುಟ್ಟಿ, ಮನೆಮನೆಗೆ ಮಾರಿ ಮುಗಿಸಿದ ಖಾಲಿ ಬುಟ್ಟಿ. ಕ್ಷೌರದಂಗಡಿಯ ಎವಾರಿಸ್ತೊನ ಹೆಂಡತಿ. ಅವರ ಮಗಳ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿಕೊಂಡ ಧರ್ಮಪಿತ ನಾನು. ಅಂದಿನಿಂದ ಅವರಿಗೆ ನಾನು ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ನಮ್ಮಲ್ಲಿ ಆ ನಂಟು ಒಡಹುಟ್ಟಿದವರ ನಂಟಿಗಿಂತ ಗಟ್ಟಿ. ಒಡಹುಟ್ಟಿದವರ ಹತ್ತಿರ ಸುಳ್ಳು ಹೇಳಿದರೂ ನಡೆಯುತ್ತದೆ, ಕೊಮಾದ್ರೆಯ ಹತ್ತಿರ ಹೇಳುವಂತಿಲ್ಲ. ನಾನು ಎಂಟು ತಿಂಗಳಿನಿಂದ ಹೇಳುತ್ತಿದ್ದೆ.

"ಕೊಂಪಾದ್ರೆ, ನಂಗೆ ಡೊಮಿನೊ ಕಲಿಸಿಕೊಡಿ" ಅಂದಳು.

ನಾನು ನಕ್ಕುಬಿಟ್ಟೆ.

"ನಗಬೇಡಿ. ನೀವು ಅವ್ರ ಜೊತೆ ಆಡೋದು ಬಿಟ್ರಿ. ನೀವು ಬಿಟ್ಟ ಮೇಲೆ ಇನ್ಯಾರೂ ಅವ್ರ ಎದುರು ಕೂತ್ಕೊಳ್ಳಲ್ಲ. ಹೋಗ್ಲಿ, ನಾನೇ ಕೂತ್ಕೋತೀನಿ."

ನಗು ಅಲ್ಲಿಗೆ ನಿಂತಿತು.

ಎವಾರಿಸ್ತೊ ಮತ್ತು ನಾನು ಇಪ್ಪತ್ತೆರಡು ವರ್ಷ ಜೊತೆಗಾರರು. ನಾಲ್ವರು ಕೂರುವ ಆಟ ಇದು, ಒಬ್ಬೊಬ್ಬರಿಗೂ ಏಳು ಕಾಯಿ. ಪ್ರತಿ ಕಾಯಿಗೂ ಎರಡು ಬದಿ, ಬದಿಗೆ ಸೊನ್ನೆಯಿಂದ ಆರರವರೆಗೆ ಚುಕ್ಕೆ; ಸಾಲಿನ ತುದಿಯ ಚುಕ್ಕೆಗೆ ಹೊಂದುವ ಕಾಯಿ ಇಡುತ್ತ ಮೊದಲು ಕೈ ಖಾಲಿ ಮಾಡಿದವರ ಕಡೆ ಗೆದ್ದಂತೆ. ಎದುರುಬದುರು ಕೂತವರು ಒಂದು ಕಡೆ, ಅಕ್ಕಪಕ್ಕದವರು ಇನ್ನೊಂದು ಕಡೆ. ಕ್ಷೌರದಂಗಡಿಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಬಾಯಿ ಕತ್ತರಿಗಿಂತ ಜೋರಾಗಿ ಓಡುತ್ತಿತ್ತು. ಆದರೆ ಮೇಜಿಗೆ ಕೂತರೆ ಬಾಯಿಗೆ ಬೀಗ. ಅದು ಮೇಜಿನ ಕಟ್ಟಳೆ. ಜೊತೆಗಾರನಿಗೆ ಮಾತಿನಲ್ಲಿ ಹೇಳಕೂಡದು, ಕಣ್ಣಲ್ಲಿ ಹೇಳಕೂಡದು, ಕೆಮ್ಮಲೂಕೂಡದು. ಹೇಳುವುದೇನಿದ್ದರೂ ಕಾಯಿ ಇಟ್ಟು ಹೇಳಬೇಕು. ನಾನು ಒಂದು ಕಾಯಿ ಇಟ್ಟರೆ ನನ್ನ ಕೈಯಲ್ಲಿ ಉಳಿದ ಆರು ಕಾಯಿ ಯಾವುವು ಎಂದು ಅವನಿಗೆ ಗೊತ್ತಾಗಿಬಿಡುತ್ತಿತ್ತು. ಕಟ್ಟಿಕೊಂಡ ಹೆಂಡತಿಗೂ ನನ್ನ ಮನಸ್ಸು ಅಷ್ಟು ಗೊತ್ತಿರಲಿಲ್ಲ.

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಮಾತು, 'ಸರಿ'. ಹಸಿವಾದರೂ ಸರಿ, ನೋವಾದರೂ ಸರಿ. ಊರಿನವರೆಲ್ಲ, ಮಾತು ಹೋದರೇನಂತೆ, ಡೊಮಿನೊ ಆಡಲು ಮಾತು ಯಾರಿಗೆ ಬೇಕು ಎಂದು ಸಮಾಧಾನ ಹೇಳಿದರು. ನಾನೂ ಹಾಗೇ ನಂಬಿದ್ದೆ. ಒಂದೇ ಕೈಯಲ್ಲಿ ಕಾಯಿ ನಿಲ್ಲಿಸಿಕೊಳ್ಳಲು ಅನುಕೂಲವಾಗಲಿ ಎಂದು ಒಂದು ಮರದ ಪಟ್ಟಿಗೆ ಉದ್ದಕ್ಕೆ ತೋಡು ಕೊರೆದು, ನುಣ್ಣಗೆ ಉಜ್ಜಿ ಕೊಟ್ಟೆ. ಅಂಗಡಿಯ ಮುಂದಿನ ಕಾಡುಬಾದಾಮಿ ಮರದಡಿ ಮೂರು ಭಾನುವಾರ ಕೂತೆವು.

ಮೂರನೆಯ ಭಾನುವಾರ ನನಗೆ ಗೊತ್ತಾಯಿತು. ಅವನು ಚುಕ್ಕೆಗೆ ಚುಕ್ಕೆ ಹೊಂದಿಸುತ್ತಿದ್ದ, ಅಷ್ಟೇ. ನಾಲ್ಕು ಕಂಡರೆ ನಾಲ್ಕು, ಎರಡು ಕಂಡರೆ ಎರಡು. ನಾಲ್ಕು ವರ್ಷದ ಮಗುವೂ ಅಷ್ಟು ಮಾಡುತ್ತದೆ. ನನ್ನ ಕಾಯಿ ಹೇಳುವುದು ಅವನಿಗೆ ಕೇಳುತ್ತಿರಲಿಲ್ಲ. ಎದುರು ಕೂತಿದ್ದ ಮನುಷ್ಯ ಎವಾರಿಸ್ತೊ ಅಲ್ಲ, ಅವನ ಅಂಗಿ ತೊಟ್ಟ ಇನ್ಯಾರೋ.

ನಾನು ಯಾರಿಗೂ ಹೇಳಲಿಲ್ಲ. ಅವನ ಕೈ ನಿಧಾನ, ಡಾಕ್ಟರು ದಣಿಯಬಾರದು ಅಂದಿದ್ದಾರೆ ಎಂದು ಕತೆ ಕಟ್ಟಿ, ಮಂಜುಗಡ್ಡೆ ಮಾರುವ ಮೋಂಚೊನನ್ನು ಜೊತೆಗಾರನಾಗಿ ಕೂರಿಸಿಕೊಂಡೆ. ನಮ್ಮಲ್ಲಿ ಸೋತ ಜೋಡಿ ಎದ್ದು, ಕಾಯುತ್ತಿರುವ ಜೋಡಿಗೆ ಕುರ್ಚಿ ಬಿಡಬೇಕು. ಜೊತೆಗಾರ ಸರಿಯಿಲ್ಲದಿದ್ದರೆ ಭಾನುವಾರವೆಲ್ಲ ನಿಂತೇ ಕಳೆಯಬೇಕು. ಗೆಳೆಯನ ಮಾನ ಉಳಿಸಲು ಸುಳ್ಳು ಹೇಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ, ನನಗೆ ಸೋಲುವುದು ಆಗಿಬರುವುದಿಲ್ಲ.

ಎರ್ಸಿಲಿಯ ಕಂಡದ್ದು ಬೇರೆ. ಭಾನುವಾರ ಮೂರು ಗಂಟೆಗೆ ಅವನು ಇಸ್ತ್ರಿ ಅಂಗಿ ಹಾಕಿಸಿಕೊಂಡು, ಕುರ್ಚಿಯನ್ನು ಒಂದೇ ಕೈಯಲ್ಲಿ ಬಾಗಿಲಿಗೆ ಎಳೆದುಕೊಂಡು ಕೂರುತ್ತಿದ್ದನಂತೆ, ಮುಖ ಕಾಡುಬಾದಾಮಿ ಮರದ ಕಡೆಗೆ. ಆರು ಗಂಟೆಯವರೆಗೆ ಹಾಗೇ.

"ಒಳಗೆ ಅವ್ರು ಮೊದಲಿನ ಹಾಗೇ ಇದ್ದಾರೆ ಕೊಂಪಾದ್ರೆ" ಅಂದಳು. "ನಾಲಿಗೆ ಒಂದೇ ಹೋಗಿರೋದು. ಮನೇಲಿ ನಾನು ಏನೇ ಕೇಳಿದ್ರೂ ಅವ್ರಿಗೆ ಉತ್ತರ ಹೇಳೋಕಾಗಲ್ಲ, ಅವಮಾನ ಆಗತ್ತೆ. ಮೇಜಲ್ಲಿ ಆದ್ರೆ ಎಲ್ರೂ ಮೂಗರೇ ಅಲ್ವಾ? ಅಲ್ಲಿ ಅವ್ರು ನನ್ನ ಜೊತೆ ಮಾತಾಡ್ತಾರೆ."

ಅವಳಿಗೆ ಬೇಕಿದ್ದದ್ದು ಅದು. ಗಂಡನಿಗೆ ಅವನ ಕುರ್ಚಿ, ತನಗೆ ಗಂಡನ ಮಾತು. ಹೇಳಬೇಕಾದದ್ದನ್ನು ನಾನು ಆ ಗಳಿಗೆಯಲ್ಲೇ ಹೇಳಿಬಿಡಬೇಕಿತ್ತು. ಅವಳ ಮುಖ ನೋಡಿದೆ. ಕಪಾಟಿನ ಮೇಲಿಂದ ಕಾಯಿಗಳ ಡಬ್ಬಿ ಇಳಿಸಿದೆ.

ಮಂಗಳವಾರ, ಶುಕ್ರವಾರ ಬ್ರೆಡ್ ಮಾರಿದ ಮೇಲೆ ಬರುತ್ತಿದ್ದಳು. ಮೊದಲ ದಿನ ಗಂಡಸರು ಮಾಡುವ ಹಾಗೆ ಕಾಯಿಯನ್ನು ಮೇಜಿಗೆ ಫಟಾರನೆ ಬಡಿದಳು.

"ಬಡಿಯೋದು ಆಮೇಲೆ. ಮೊದಲು ನೋಡೋದು ಕಲೀರಿ."

"ನೋಡ್ತಾ ಇದ್ದೀನಲ್ಲ."

"ನಿಮ್ಮ ಕೈಯಲ್ಲಿರೋದನ್ನ ನೋಡ್ತಾ ಇದ್ದೀರಿ. ಅದು ಕಾಲು ಭಾಗ. ಮಿಕ್ಕ ಮುಕ್ಕಾಲು ಭಾಗ ನೋಡಿ. ಒಂದೊಂದು ಸಂಖ್ಯೆಗೂ ಏಳೇಳು ಕಾಯಿ. ಮೂರು ನಿಮ್ಮಲ್ಲಿದೆ, ಎರಡು ಕೆಳಗಿದೆ. ಇನ್ನೆರಡು ಯಾರ ಹತ್ರ? ಆಟ ಅಂದ್ರೆ ಇಷ್ಟೇ."

"ಇಷ್ಟೇನಾ?"

"ಇಷ್ಟೇ. ಇಷ್ಟಕ್ಕೆ ನಂಗೆ ಮೂವತ್ತು ವರ್ಷ ಹಿಡೀತು."

"ನೀವು ಗಂಡಸರು ಮಧ್ಯದಲ್ಲಿ ರಮ್ ಕುಡೀತಾ ಕೂತಿದ್ರಿ. ನಂಗೆ ಅಷ್ಟೆಲ್ಲ ಹಿಡಿಯಲ್ಲ ಬಿಡಿ."

ಐದು ತಿಂಗಳು ಹಿಡಿಯಿತು. ನಾನು ಹೊಟ್ಟೆಕಿಚ್ಚುಪಟ್ಟೆ ಎಂದು ಒಪ್ಪಿಕೊಳ್ಳುತ್ತೇನೆ. ಯಾವ ಮನೆಯಲ್ಲಿ ಯಾರಿಗೆ ಬ್ರೆಡ್ಡಿನ ಕರಕು ತುದಿ ಇಷ್ಟ, ಯಾರಿಗೆ ಉಪ್ಪು ಆಗದು ಎಂದು ಇಡೀ ಊರನ್ನು ತಲೆಯಲ್ಲಿ ಇಟ್ಟುಕೊಂಡವಳಿಗೆ ಇಪ್ಪತ್ತೆಂಟು ಕಾಯಿ ಯಾವ ಲೆಕ್ಕ? ಇಡಲು ಕಾಯಿ ಇಲ್ಲದವನು ಮೇಜನ್ನು ಬೆರಳಲ್ಲಿ ಕುಟ್ಟಿ 'ಪಾಸ್' ಅನ್ನುತ್ತಾನಲ್ಲ, ಅದು ಅವನ ಬಡತನವನ್ನು ಅವನೇ ಸಾರುವುದು ಎಂದು ಎರಡನೆಯ ವಾರಕ್ಕೇ ಹಿಡಿದಳು. ಅವಳೂ ನಾನೂ ಇಬ್ಬರೇ ನಾಲ್ವರ ಪಾಲಿನ ಕಾಯಿ ಹಂಚಿಕೊಂಡು ಎರಡೆರಡು ಕೈ ಆಡುತ್ತಿದ್ದೆವು. ಮೂರನೆಯ ತಿಂಗಳಿಗೆ ನನ್ನ ಎರಡು ಕೈಗಳನ್ನೂ ಅವಳು ಓದತೊಡಗಿದಳು.

ಜೋಡಿ ಕಾಯಿಗೆ ನೇಣು ಹಾಕುವುದನ್ನು ಕಲಿಸಿದ ದಿನ ಮಾತ್ರ ಒಂದು ಪ್ರಶ್ನೆ ಕೇಳಿದಳು. ಜೋಡಿ ಕಾಯಿಗೆ ಎರಡು ಬದಿಯಲ್ಲೂ ಒಂದೇ ಸಂಖ್ಯೆ. ಜೋಡಿ ಆರನ್ನು ಆರು ಕಂಡಲ್ಲಿ ಮಾತ್ರ ಇಡಬಹುದು. ಆರು ಇರುವ ಮಿಕ್ಕ ಆರೂ ಕಾಯಿ ಇಳಿದುಹೋಗಿ, ತೆರೆದಿದ್ದ ಕೊನೆಯ ಆರನ್ನೂ ಯಾರಾದರೂ ಮುಚ್ಚಿದರೆ ಮುಗಿಯಿತು, ಜೋಡಿ ಆರು ಹಿಡಿದವನು ಅದನ್ನು ಹಿಡಿದೇ ಸಾಯಬೇಕು. ಅದಕ್ಕೇ ನೇಣು ಅನ್ನುವುದು. ಎದುರಾಳಿಯ ಜೋಡಿ ಆರಿಗೆ ನೇಣು ಹಾಕಿದವನು ವಾರವೆಲ್ಲ ಊರ ತುಂಬ ಅದನ್ನೇ ಹೇಳಿಕೊಂಡು ತಿರುಗುತ್ತಾನೆ.

"ಜೊತೆಗಾರನ ಜೋಡೀಗೇ ಯಾರಾದ್ರೂ ನೇಣು ಹಾಕ್ತಾರಾ?" ಎಂದು ಕೇಳಿದಳು.

"ಆಟ ಬರೋನು ಹಾಕಲ್ಲ" ಅಂದೆ.

ಮೊದಮೊದಲು ಮನೆಯ ಆಟದ ಸುದ್ದಿ ಹೇಳುತ್ತಿದ್ದಳು. ಸಂಜೆ ಗಂಡನ ಜೊತೆ ಇಬ್ಬರೇ ಆಡುತ್ತಿದ್ದರು. "ಒಂದು ಕಾಯೀನೂ ತಪ್ಪಾಗಿ ಇಡಲ್ಲ, ಎಷ್ಟು ಬೇಗ ಬೇಗ ಇಡ್ತಾರೆ ಗೊತ್ತಾ" ಎಂದು ಹಿಗ್ಗುತ್ತಿದ್ದಳು. ನಾನು ತಲೆ ಬಗ್ಗಿಸಿ ಕಾಯಿ ಕಲಸುತ್ತಿದ್ದೆ. ಅವಳಿಗೆ ಆಟ ಬಂದಷ್ಟೂ ಆ ಸುದ್ದಿ ಕಡಿಮೆಯಾಯಿತು. ಒಂದು ಶುಕ್ರವಾರ ಕೇಳಿಯೇಬಿಟ್ಟಳು. "ಅವ್ರು ಯೋಚನೆ ಮಾಡ್ದೇನೇ ಇಡ್ತಾರೆ ಅನ್ಸತ್ತೆ. ಎಲ್ಲಿ ಕಂಡ್ರೆ ಅಲ್ಲಿ. ನಂಗೆ ಹಾಗನ್ಸತ್ತೋ ಏನೋ."

"ಇಬ್ಬರ ಆಟ ಬೇರೆ, ನಾಲ್ವರ ಆಟ ಬೇರೆ" ಅಂದೆ. "ಅದರಲ್ಲಿ ಜೊತೆಗಾರ ಎಲ್ಲಿ? ಅದನ್ನ ನೋಡಿ ಏನೂ ಹೇಳೋಕಾಗಲ್ಲ."

"ಹೌದು, ಅದೂ ಹೌದು" ಅಂದಳು. ನನ್ನ ಮಾತನ್ನು ಅವಳು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಇದು ನನ್ನ ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ಹೇಯವಾದದ್ದು.

ಮುಂದಿನ ಭಾನುವಾರವೇ ಬಂದರು. ಅವನ ತಲೆಕೂದಲನ್ನು ಅವಳೇ ಕತ್ತರಿಸಿದ್ದಳು, ಕಿವಿಯ ಹಿಂದೆ ಏರುಪೇರಾಗಿತ್ತು. ಒಂದು ಕೈಯಲ್ಲಿ ಗಂಡ, ಇನ್ನೊಂದರಲ್ಲಿ ನಾನು ಕೊರೆದುಕೊಟ್ಟ ಪಟ್ಟಿ. ಮೇಜಿನಲ್ಲಿ ನಾನೂ ಮೋಂಚೊನೂ ಗೆದ್ದು ಕೂತಿದ್ದೆವು.

"ದೋನ್ಯ ಎರ್ಸಿಲಿಯ, ಬ್ರೆಡ್ ತಂದ್ರಾ?" ಅಂದ ಮೋಂಚೊ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯಲ್ಲಿ.

"ಇಲ್ಲ. ನಿನ್ನ ಕುರ್ಚಿ ತಗೊಂಡು ಹೋಗೋಕೆ ಬಂದಿದ್ದೀನಿ."

ಸುತ್ತ ನಿಂತವರು ಹೋ ಎಂದರು. ಮುದುಕ ಪೊಲಿನಾರ್, ಆಟ ಬಿಟ್ಟು ಹತ್ತು ವರ್ಷವಾದರೂ ಆಡುವವರಿಗೆ ಬುದ್ಧಿ ಹೇಳುವುದನ್ನು ಬಿಡದವನು, "ಅಯ್ಯೋ ಎವಾರಿಸ್ತೊ, ಮನೇಲಿ ಸಾಲದು ಅಂತ ಇಲ್ಲೂ ಹೆಂಡ್ತಿ ಮುಖ ನೋಡ್ಬೇಕಾ?" ಅಂದ. ಎವಾರಿಸ್ತೊ "ಸರಿ" ಅಂದ. ಎಲ್ಲರೂ ನಕ್ಕರು. ಅವನೂ ನಕ್ಕ. ಸೋತ ಜೋಡಿ ಬಿಟ್ಟ ಕುರ್ಚಿಗಳಲ್ಲಿ ಇಬ್ಬರೂ ಎದುರುಬದುರು ಕೂತರು, ಅವನ ಬೆನ್ನು ನೆಟ್ಟಗಾಯಿತು.

ಮೊದಲ ಸುತ್ತನ್ನು ಎರ್ಸಿಲಿಯ ಗೆದ್ದಳು. ಗಂಡ ಇಟ್ಟದ್ದಕ್ಕೆಲ್ಲ ಹೊಂದಿಕೊಂಡು, ಸದ್ದಿಲ್ಲದೆ, ನಮ್ಮಿಬ್ಬರನ್ನೂ ಕಟ್ಟಿಹಾಕಿ ಗೆದ್ದಳು. ನಿಂತವರು ಅದೃಷ್ಟ ಅಂದರು. ಗೆದ್ದವಳಾದ್ದರಿಂದ ಎರಡನೆಯ ಸುತ್ತಿಗೆ ಅವಳದೇ ಮೊದಲ ಕಾಯಿ. ಆರು-ಮೂರು ಇಟ್ಟಳು. ಆರು ನನ್ನ ಬಲ ಎಂದು ಗಂಡನಿಗೆ ಹೇಳಿದ ಮಾತು ಅದು. ಮೋಂಚೊ ಮೂರಕ್ಕೆ ಮೂರು-ಒಂದು ಹಾಕಿದ. ಎವಾರಿಸ್ತೊ ಎಡಗೈಯಲ್ಲಿ ಕಾಯಿ ಎತ್ತಿ, ಒಂದಕ್ಕೆ ಒಂದು-ಆರು ಇಟ್ಟ. ಈಗ ಎರಡು ತುದಿಯಲ್ಲೂ ಆರು. ನನ್ನ ಕೈಯಲ್ಲಿ ಒಂದೂ ಆರಿರಲಿಲ್ಲ. ಮೇಜು ಕುಟ್ಟಿದೆ, ಪಾಸ್.

ಎರ್ಸಿಲಿಯ ತಲೆ ಎತ್ತಿ ಗಂಡನನ್ನು ನೋಡಿದಳು. ನೋಡಕೂಡದು, ಆದರೂ ನೋಡಿದಳು.

ಅವಳು ಒಂದು ತುದಿಗೆ ಆರು-ಐದು ಇಟ್ಟಳು. ಮೋಂಚೊ ಐದು-ನಾಲ್ಕು. ಎವಾರಿಸ್ತೊ ತಡಮಾಡದೆ ನಾಲ್ಕು-ಆರು. ಮತ್ತೆ ಎರಡೂ ತುದಿ ಆರು. ನಾನು ಮತ್ತೆ ಪಾಸ್. ಹಳೆಯ ಎವಾರಿಸ್ತೊ ಆಡುತ್ತಿದ್ದದ್ದು ಥೇಟ್ ಹೀಗೆ. ನಾನು ಸೋಲುತ್ತಿದ್ದೆ, ಆದರೆ ಎದೆ ಹಗುರವಾಗಿತ್ತು. ತಪ್ಪು ತಿಳಿದವನು ನಾನೇ, ಅವನು ಒಳಗೆ ಇದ್ದಾನೆ, ಎಲ್ಲಿಗೂ ಹೋಗಿಲ್ಲ ಎಂದುಕೊಂಡೆ. ದೇವರಾಣೆ, ನನ್ನ ಬದುಕಿನಲ್ಲಿ ಸೋಲಬೇಕೆಂದು ಹಾರೈಸಿದ್ದು ಅದೊಂದೇ ಸಲ.

ಎರ್ಸಿಲಿಯ ಆರು-ಎರಡು ಇಟ್ಟಳು. ತುದಿಗಳು ಆರು ಮತ್ತು ಎರಡು. ಮೋಂಚೊನ ಬಳಿ ಆರೂ ಇರಲಿಲ್ಲ, ಎರಡೂ ಇರಲಿಲ್ಲ, ಪಾಸ್. ಐದು ಆರುಗಳು ಇಳಿದಿದ್ದವು. ಉಳಿದದ್ದು ಎರಡೇ, ಆರು-ಸೊನ್ನೆ ಮತ್ತು ಜೋಡಿ ಆರು. ನನ್ನಲ್ಲಿಲ್ಲ, ಮೋಂಚೊನಲ್ಲಿಲ್ಲ, ಇಬ್ಬರೂ ಮೇಜು ಕುಟ್ಟಿ ಹೇಳಿದ್ದೇವೆ. ಎವಾರಿಸ್ತೊನ ಕೈಯಲ್ಲಿ ಜೋಡಿ ಇಲ್ಲದಿದ್ದರೆ ಅದು ಹೆಂಡತಿಯ ಹತ್ತಿರವೇ ಇರಬೇಕು. ಹೊಸದಾಗಿ ಆಟ ಕಲಿತ ಮಗುವಿಗೂ ಅದು ತಿಳಿಯುತ್ತದೆ.

ಅವನು ಆರು-ಸೊನ್ನೆ ಎತ್ತಿ ಆರನ್ನು ಮುಚ್ಚಿದ. ಎಡಗೈಯಲ್ಲಿ ಫಟಾರನೆ ಬಡಿದ. ಬಡಿದು ನಕ್ಕ.

ಎರ್ಸಿಲಿಯ ತನ್ನ ಕಾಯಿಗಳನ್ನೇ ನೋಡುತ್ತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಸಾವಿನ ಸುದ್ದಿ ಹೊತ್ತು ನನ್ನ ಷೆಡ್ಡಿಗೆ ಬರುವವರ ಮುಖ ಇಪ್ಪತ್ತು ವರ್ಷದಿಂದ ನೋಡಿದ್ದೇನೆ. ಅದೇ ಮುಖ.

ಆಮೇಲೆ ಅವನು ಹೊಂದಿದ್ದನ್ನೆಲ್ಲ ಹೊಂದಿದಲ್ಲಿ ಇಟ್ಟ. ಮೋಂಚೊ ಮೊದಲು ಕೈ ಖಾಲಿ ಮಾಡಿದ. ಕಾಯಿ ಮಗುಚಿ ತೋರಿಸುವಾಗ ಎರ್ಸಿಲಿಯಳ ಮುಂದೆ ಜೋಡಿ ಆರು ಮಲಗಿತ್ತು.

"ಹೆಂಡ್ತಿಗೇ ನೇಣು ಹಾಕಿದ್ಯಲ್ಲೋ ಎವಾರಿಸ್ತೊ" ಎಂದು ಪೊಲಿನಾರ್ ಶುರುಮಾಡಿದ. "ಏನಾಯ್ತೋ ನಿಂಗೆ? ಎಣಿಸ್ಲಿಲ್ವಾ?"

ಜನ ಬಗ್ಗಿ ನೋಡತೊಡಗಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಅಷ್ಟರಲ್ಲಿ ಎರ್ಸಿಲಿಯ ಎರಡೂ ಕೈ ಹಾಕಿ ಗಂಡನ ಮುಂದಿನ ಕಾಯಿಗಳನ್ನೂ ತನ್ನವನ್ನೂ ಸೇರಿಸಿ ಕಲಸಿಬಿಟ್ಟಳು.

"ಅವ್ರದ್ದೇನೂ ತಪ್ಪಿಲ್ಲ" ಅಂದಳು ಗಟ್ಟಿಯಾಗಿ. "ಎರಡು ಸಲ ಆರು ಸಿಕ್ಕಿತ್ತು. ಜೋಡೀನ ಆಗ್ಲೇ ಇಳಿಸಬೇಕಿತ್ತು. ಆಸೆಬುರುಕಿ, ಕೈಯಲ್ಲೇ ಇಟ್ಕೊಂಡೆ. ನನ್ನ ಹತ್ರ ಇಲ್ಲ ಅಂತ ಅಂದ್ಕೊಂಡ್ರು ಪಾಪ."

ಕೇಳಿದವರಿಗೆ ಅದು ಸಾಕಾಯಿತು. ಹೊಸಬರು ಮಾಡುವ ತಪ್ಪೇ ಅದು, ಅದರಲ್ಲೂ ಹೆಂಗಸು. "ಬ್ರೆಡ್ ಸುಡೋದಲ್ಲ ದೋನ್ಯ ಇದು" ಎಂದು ಮೋಂಚೊ ಅಂದ, ಮಿಕ್ಕವರು ಒಬ್ಬೊಬ್ಬರೇ ಸೇರಿಸಿದರು. ಎವಾರಿಸ್ತೊ ಎಡಗೈ ಚಾಚಿ ಅವಳ ಮುಂದೆ ಬೆರಳು ಅಲ್ಲಾಡಿಸಿ ಗದರಿಸಿದ. ಆಮೇಲೆ ಕೆನ್ನೆ ತಟ್ಟಿದ, ಹೋಗಲಿ ಬಿಡು ಎನ್ನುವ ಹಾಗೆ. ಅವಳನ್ನು ಕ್ಷಮಿಸಿದ.

ಆ ಪಂದ್ಯವನ್ನು ಅವರು ಸೋತರು. ಎದ್ದು ಹೋಗುವಾಗ ಅವನನ್ನು ನಾಲ್ಕು ಹೆಜ್ಜೆ ಮುಂದೆ ಬಿಟ್ಟು ಅವಳು ನನ್ನ ಹತ್ತಿರ ನಿಂತಳು.

"ನಿಮಗೆ ಗೊತ್ತಿತ್ತು."

ನಾನು ಮೇಜಿನ ಮೇಲಿನ ಕಾಯಿಗಳನ್ನು ಕಲಸತೊಡಗಿದೆ.

"ಕಲಿಸದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ ಕೊಂಪಾದ್ರೆ. ಒಳಗೆ ಇದ್ದಾರೆ ಅಂದ್ಕೊಂಡೇ ಇರ್ತಿದ್ದೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಹೋಗಿ ಗಂಡನ ತೋಳು ಹಿಡಿದಳು. ಅಷ್ಟು ನಾಚಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ಭಾನುವಾರ ಮೂರು ಗಂಟೆಗೆ ಬಂದರು. ಅದರ ಮುಂದಿನ ಭಾನುವಾರವೂ. ಎರಡು ವರ್ಷ ತಪ್ಪಿಸಲಿಲ್ಲ. ತಮ್ಮ ಸರದಿ ಕಾದು ಕೂರುವರು, ಒಂದು ಪಂದ್ಯ ಸೋಲುವರು, ಏಳುವರು. ಅವನು ತಪ್ಪು ಕಾಯಿ ಇಟ್ಟಾಗಲೆಲ್ಲ ಅದಕ್ಕೆ ಸರಿಯಾಗಿ, ಅದೇ ಸುತ್ತಿನಲ್ಲಿ, ಇನ್ನೂ ದೊಡ್ಡ ತಪ್ಪೊಂದನ್ನು ಅವಳು ಮಾಡುತ್ತಿದ್ದಳು. ಜನರ ಕಣ್ಣು ಅವಳ ತಪ್ಪಿನ ಮೇಲೆ ಬೀಳುತ್ತಿತ್ತು. ನೇಣಿನ ಎರ್ಸಿಲಿಯ ಎಂದು ಹೆಸರಿಟ್ಟರು. ಬ್ರೆಡ್ ಕೊಳ್ಳುವ ಹೆಂಗಸರೂ ಆ ಹೆಸರು ಹಿಡಿದು ನಗುತ್ತಿದ್ದರು. ಪಾಪ ಎವಾರಿಸ್ತೊ, ಎಂಥ ಆಟಗಾರ, ಇಂಥವಳ ಎದುರು ಕೂತು ಹಾಳಾದ ಎಂದು ಊರೆಲ್ಲ ಮರುಗಿತು. ಅವನು ಪ್ರತಿ ಭಾನುವಾರವೂ ಬೆರಳು ಅಲ್ಲಾಡಿಸಿ ಗದರಿಸಿ, ಕೆನ್ನೆ ತಟ್ಟಿ ಮನೆಗೆ ಹೋದ. ಎದುರಾಳಿಯಾಗಿ ಕೂತು ಇದನ್ನೆಲ್ಲ ನೋಡಿದವನು ನಾನು. ನನಗೆ ಗೊತ್ತು, ನಮ್ಮ ಮೇಜಿನಲ್ಲಿ ಅವಳಷ್ಟು ಚೆನ್ನಾಗಿ ಆಡಿದವರು ಯಾರೂ ಇಲ್ಲ.

ಅವನು ತೀರಿಕೊಂಡದ್ದು ಈಸ್ಟರ್ ಕಳೆದ ವಾರ. ಪೆಟ್ಟಿಗೆ ನಾನೇ ಮಾಡಿದೆ, ದೇವದಾರು ಹಲಗೆಯಲ್ಲಿ.

ಒಂಬತ್ತನೆಯ ದಿನದ ಪ್ರಾರ್ಥನೆ ಮಧ್ಯಾಹ್ನಕ್ಕೆ ಮುಗಿಯಿತು. ಸಾವಿನ ಮನೆಯ ಅಂಗಳದಲ್ಲಿ ರೂಢಿಯಂತೆ ಗಂಡಸರು ಮೇಜು ಹಾಕಿ ಆಡುತ್ತಿದ್ದರು. ಮೋಂಚೊ ಊರು ಬಿಟ್ಟು ರಾಜಧಾನಿ ಸೇರಿದ್ದ, ನನಗೆ ಜೊತೆಗಾರನಿರಲಿಲ್ಲ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದವಳ ಹತ್ತಿರ ಹೋದೆ.

"ಕೊಮಾದ್ರೆ, ಇನ್ಮೇಲೆ ನನ್ನ ಎದುರು ಕೂತ್ಕೊಳ್ಳಿ. ನಾವಿಬ್ರು ಕೂತ್ರೆ ನಮ್ಮನ್ನ ಎಬ್ಬಿಸೋರು ಈ ಕೊಲ್ಲೀಲೇ ಇಲ್ಲ. ಒಂದು ಭಾನುವಾರ ಆಡಿ ತೋರಿಸಿ ಸಾಕು. ಊರ ಬಾಯಿ ಮುಚ್ಚತ್ತೆ."

"ಮುಚ್ಚತ್ತೆ" ಅಂದಳು. "ಆಮೇಲೆ ತೆರೆಯತ್ತೆ. ಇಷ್ಟು ಆಟ ಬರೋಳು ಇದ್ಲಲ್ಲ, ಹಂಗಾದ್ರೆ ಎರಡು ವರ್ಷ ಸೋತಿದ್ದು ಯಾರಿಂದ ಅಂತ ಕೇಳತ್ತೆ."

ನನಗೆ ಅದು ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಅಂಗಳದಿಂದ ಪೊಲಿನಾರ್ ಕೂಗಿದ, "ಮೇಸ್ತ್ರಿ, ಬಾ, ಇಬ್ರು ಕಡಿಮೆ ಇದ್ದಾರೆ. ಎರ್ಸಿಲಿಯ, ನೀನೂ ಬಾರಮ್ಮ, ಸತ್ತೋನಿಗೂ ನಗು ಬರ್ಲಿ."

ಅವಳು ಕೈ ಒರೆಸಿಕೊಂಡು ಹೊರಗೆ ಬಂದು ನನ್ನ ಎದುರು ಕೂತಳು. ಕಪ್ಪು ಬಟ್ಟೆ, ತಲೆಗೆ ಕಪ್ಪು ಚೌಕ. ನನಗೆ ಐದರ ಬಲವಿತ್ತು. ಮೊದಲ ಕಾಯಿಯಲ್ಲೇ ಹೇಳಿದೆ. ಅವಳಿಗೆ ಕೇಳಿಸಿತು, ಅದು ನನಗೆ ಗೊತ್ತು. ಕಾದಳು, ಎಣಿಸಿದಳು, ನಾನು ಗೆಲ್ಲಲು ಒಂದೇ ಕಾಯಿ ಉಳಿದಾಗ, ಅಷ್ಟೂ ಕಾಯಿಗಳಲ್ಲಿ ನನ್ನನ್ನು ಮುಗಿಸಬಲ್ಲ ಒಂದೇ ಒಂದು ಕಾಯಿಯನ್ನು ಎತ್ತಿ ನನ್ನ ಐದನ್ನು ಮುಚ್ಚಿದಳು. ಅಂಗಳವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ನನ್ನಿಂದ ಏನು ಬೇಕು ಎಂಬುದು ನನಗೆ ಅರ್ಥವಾಗಲು ತುಸು ಹೊತ್ತು ಬೇಕಾಯಿತು.

"ಈಕೆ ಕಲಿಯಲ್ಲ ಬಿಡ್ರಪ್ಪ" ಎಂದು ನಾನೂ ಎಲ್ಲರಿಗೂ ಕೇಳುವ ಹಾಗೆ ಬೈದೆ. "ಇಂಥವಳನ್ನ ಎವಾರಿಸ್ತೊ ಎರಡು ವರ್ಷ ಹೇಗೆ ತಡ್ಕೊಂಡ್ನೋ."